ಆರ್ಡಿಸ್ ಸ್ಟೇರಿಂಗ್ ಹಿಡಿದ ಚಳಿಗಾಲ

ಮರುಭೂಮಿಯಲ್ಲಿ ಹೊತ್ತು ಹೋಗುವುದು ಹೇಗೆ ಎಂದು ಕೇಳುವವರು ನವೆಂಬರಿನಲ್ಲಿ ಒಮ್ಮೆ ಕ್ವಾರ್ಟ್ಸೈಟಿಗೆ ಬಂದು ನೋಡಬೇಕು. ಉತ್ತರದ ಕಡೆಯಿಂದ ದೂಳೆದ್ದಿತೆಂದರೆ ಸಾಕು, ಚಳಿಗಾಲ ಕಳೆಯಲು ಬಂದು ಬಿಡಾರ ಹೂಡಿದ ನಮ್ಮ ಪಾಳ್ಯದ ಮುದುಕ ಮುದುಕಿಯರೆಲ್ಲ ಮಡಚುವ ಕುರ್ಚಿ ಎತ್ತಿಕೊಂಡು ಬಂದು ಸಾಲಾಗಿ ಕೂತುಬಿಡುತ್ತಾರೆ. ಮುಂದೆ ಟ್ರಕ್ಕು, ಅದರ ಹಿಂದೆ ಕೊಂಡಿ ಹಾಕಿದ ಗಾಲಿಮನೆ. ಒಳಗೆ ಒಲೆ, ಮಂಚ, ಕಕ್ಕಸು ಎಲ್ಲ ಉಂಟು. ಅಷ್ಟುದ್ದದ ಮನೆಯನ್ನು ಹಿಂದಕ್ಕೆ ಹಿಂದಕ್ಕೆ ತೆಗೆದು, ಪೊದೆ, ಬಂಡೆ, ಕಳ್ಳಿ ತಪ್ಪಿಸಿ, ತಮ್ಮ ಜಾಗದಲ್ಲಿ ನಿಲ್ಲಿಸಬೇಕು. ಗಂಡ ಸ್ಟೇರಿಂಗ್ ಹಿಡಿದಿರುತ್ತಾನೆ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತಾಳೆ. ಚರ್ಚಿನಲ್ಲಿ ಕೈ ಕೈ ಹಿಡಿದು ಕೂರುವ ಎಂತೆಂಥ ದಂಪತಿಗಳ ಬಣ್ಣ ಆ ಹೊತ್ತಿನಲ್ಲಿ ಬಯಲಾಗಿದೆಯೋ ಲೆಕ್ಕವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿನ ಗಂಡಸರು ಹೆಂಡತಿಯ ಕೈ ಡೊಂಕು ಅನ್ನುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಮಾತು ಬೇರೆ ಜಗಳಗಳಿಗೆ ಸರಿ, ಗಾಡಿ ಹಿಂದಕ್ಕೆ ತೆಗೆದ ಜಗಳ ಮಾರ್ಚಿನ ತನಕ ಎಳೆಯುತ್ತದೆ.

ಆರ್ಡಿಸ್ ನೈಗಾರ್ಡ್ ಮತ್ತು ಅವಳ ಗಂಡ ಲೈಲ್ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ಬಂದು ಹೋದರೂ ಆ ಕುರ್ಚಿಯವರಿಗೆ ಒಮ್ಮೆಯೂ ನಗುವ ಭಾಗ್ಯ ಕೊಟ್ಟವರಲ್ಲ. ಅವಳು ಹಿಂದೆ ಎಡಗಡೆಯ ಮೂಲೆಯಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ನಿಲ್ಲುವಳು, ಕೈ ಇಷ್ಟು ಆಡಿಸುವಳು, ಗಾಲಿಮನೆ ಒಂದೇ ಸಲಕ್ಕೆ ಐರನ್‌ವುಡ್ ಮರದ ನೆರಳಿಗೆ ಬಂದು ನಿಲ್ಲುವುದು. ಪಕ್ಕದ ಗಾಡಿಯ ಹ್ಯೂಗೋ ಫ್ರೀಸನ್ ಎಂಬ ಕೆನಡಾದ ಮುದುಕ, ಬಾಯಿ ಸುಮ್ಮನಿರದವನು, ಎದ್ದು ಕುರ್ಚಿ ಮಡಚುತ್ತ, "ಥೂ, ಈ ಗಂಡ ಹೆಂಡತಿ ಜಗಳಾನೇ ಆಡಲ್ಲ, ಇವರನ್ನ ನೋಡೋಕೆ ಬಂದಿದ್ದೇ ದಂಡ," ಎನ್ನುವನು. ಆರ್ಡಿಸ್‌ಗೆ ಒಳಗೊಳಗೇ ಹೆಮ್ಮೆ. ತನ್ನ ಕೈಸನ್ನೆಯ ಬಗ್ಗೆ ಅವಳಿಗಿದ್ದ ಜಂಬ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ.

ಅವರದು ನಾರ್ತ್ ಡಕೋಟದ ಒಂದು ಸಣ್ಣ ಊರು. ಲೈಲ್ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸಿ ನಿವೃತ್ತನಾದವನು. ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕಿದವಳು. ಇವತ್ತಿಗೂ ಅವಳು ಸಾರು ಮಾಡಿದರೆ ಕೊಪ್ಪರಿಗೆ ಲೆಕ್ಕದಲ್ಲೇ ಮಾಡುತ್ತಾಳೆ. ಹಿಮಗಾಳಿ ಎದ್ದ ದಿನ ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತರೆ, ಇವಳ ಗಂಡ ಆಗ ಹೊರಗೆ ಹೊರಡಬೇಕು. ಅವನ ಲಾರಿಯ ಹಳದಿ ದೀಪ ರಸ್ತೆಯ ತುದಿಯಲ್ಲಿ ಕಾಣುವವರೆಗೂ ಆರ್ಡಿಸ್ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಮದುವೆಯಾದಾಗಿನಿಂದ ಎಲ್ಲ ಚಳಿಗಾಲವನ್ನೂ ಹೀಗೆ ಕಿಟಕಿಯಲ್ಲೇ ಕಳೆದಳು. ಅವನು ನಿವೃತ್ತನಾದ ವಾರವೇ, ಇನ್ನೊಂದು ಚಳಿಗಾಲ ನಾನು ಈ ಕಿಟಕಿಯಲ್ಲಿ ನಿಲ್ಲಲಾರೆ, ನೀನು ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದು ಪಟ್ಟು ಹಿಡಿದಳು. ಲೈಲ್ ಹೋಗಿ ಗಾಲಿಮನೆ ತಂದು ಅಂಗಳದಲ್ಲಿ ನಿಲ್ಲಿಸಿದ.

ಮೊದಲ ವರ್ಷದ ಜನವರಿಯ ಕತೆಯನ್ನು ಅವಳು ಎಷ್ಟು ಸಲ ಹೇಳಿದರೂ ಮತ್ತೆ ಹೇಳುತ್ತಾಳೆ. ಬೆಳಗ್ಗೆ ಎದ್ದು ಬಟ್ಟೆ ಒಗೆದು, ಎರಡು ಪೊದೆಗಳ ನಡುವೆ ಹಗ್ಗ ಕಟ್ಟಿ ಹರವುತ್ತಿದ್ದಾಗ, ತನ್ನ ತೋಳು ಬರಿದಾಗಿದೆ, ಅದರ ಮೇಲೆ ಬಿಸಿಲು ಬೀಳುತ್ತಿದೆ ಎಂದು ಅವಳಿಗೆ ಅರಿವಾಯಿತಂತೆ. ಒದ್ದೆ ಅಂಗಿ ಕೈಯಲ್ಲಿ ಹಿಡಿದುಕೊಂಡೇ ಗಳಗಳನೆ ಅತ್ತುಬಿಟ್ಟಳು. ಏನಾಯಿತೋ ಎಂದು ಓಡಿ ಬಂದವಳು ಹ್ಯೂಗೋನ ಹೆಂಡತಿ ಎಲ್ಫ್ರೀಡಾ. ಏನೂ ಆಗಿಲ್ಲ, ಜನವರಿಯಲ್ಲಿ ಬಿಸಿಲು ಬಂದಿದೆ ಎಂದಳು ಆರ್ಡಿಸ್. ಎಲ್ಫ್ರೀಡಾಳೂ ಹಿಮದ ಸೀಮೆಯವಳೇ, ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಇಬ್ಬರೂ ಕೂತು ಸ್ವಲ್ಪ ಹೊತ್ತು ಅತ್ತರು, ಆಮೇಲೆ ಕಾಫಿ ಕುಡಿದರು. ಆ ಗೆಳೆತನ ಅಲ್ಲಿಂದ ಶುರುವಾದದ್ದು.

ಎಂಥ ಕಾಲ ಅದು. ಬೆಳಗ್ಗೆ ಕಾಫಿ ಮುಗಿಸಿ ಬಣ್ಣದ ಕಲ್ಲು ಹುಡುಕಿಕೊಂಡು ಗುಡ್ಡದ ಬುಡಕ್ಕೆ ಹೋಗುವುದು. ಲೈಲ್ ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ಚೀಲ ತುಂಬಿಸುವನು, ಹೊತ್ತು ತರುವಾಗ ಭಾರ ಭಾರ ಎಂದು ಗೊಣಗುವನು. ಸಂಜೆ ನಾಲ್ಕಕ್ಕೆ ಬೆಂಕಿಯ ಸುತ್ತ ಕುರ್ಚಿಗಳು. ಅವರವರ ಲೋಟ ಅವರವರದು, ಆದರೆ ತಿನ್ನುವುದು ಎಲ್ಲರದ್ದು. ಕ್ರಿಸ್‌ಮಸ್ಸಿಗೆ ಆರ್ಡಿಸ್ ಆಲೂಗಡ್ಡೆ ಬೇಯಿಸಿ ನಾದಿ, ಬಾವಲಿಯ ರೆಕ್ಕೆಯಷ್ಟು ತೆಳ್ಳಗೆ ಲೆಫ್ಸೆ ಎಂಬ ರೊಟ್ಟಿ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಡುವಳು. ಅವಳಜ್ಜಿ ನಾರ್ವೆಯಿಂದ ತಂದ ಲಟ್ಟಣಿಗೆ, ಕಳ್ಳಿಗಿಡಗಳ ನಡುವೆ, ಮರಳು ಗಾಳಿಯಲ್ಲಿ. ಹಲ್ಲಿಗೆ ಮರಳು ಸಿಕ್ಕರೂ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ವರ್ಷ ಹೋದ ಹಾಗೆ ಬೆಂಕಿಯ ಸುತ್ತಲಿನ ಕುರ್ಚಿಗಳ ವೃತ್ತ ಚಿಕ್ಕದಾಗುತ್ತ ಬಂತು. ನಮ್ಮ ಪಾಳ್ಯದಲ್ಲಿ ಯಾರಿಗೂ ವಯಸ್ಸಾಯಿತು ಎನ್ನುವುದಿಲ್ಲ, 'ಗೂಟಕ್ಕೆ ಕೀಲಿಕೈ ಹಾಕಿದರು' ಎನ್ನುತ್ತೇವೆ, ಅಂದರೆ ಗಾಡಿ ಬಿಟ್ಟು ಊರಲ್ಲೇ ಉಳಿದರು ಎಂದು. ಬಾರದವರ ಕುರ್ಚಿಯ ಜಾಗವನ್ನು ಮೊದಲ ವಾರ ಹಾಗೇ ಖಾಲಿ ಬಿಟ್ಟು ಕೂರುವುದು ವಾಡಿಕೆ. ವಾರ ಕಳೆದ ಮೇಲೆ ಯಾರೋ ಒಬ್ಬರು ಏನೂ ಹೇಳದೆ ತಮ್ಮ ಕುರ್ಚಿ ಸರಿಸುತ್ತಾರೆ, ಉಳಿದವರೂ ಸರಿಸುತ್ತಾರೆ. ಆರ್ಡಿಸ್‌ಗೆ ಆ ಕುರ್ಚಿ ಸರಿಸುವ ಸಂಜೆಯೆಂದರೆ ಆಗುತ್ತಿರಲಿಲ್ಲ. ಅವತ್ತು ತಲೆನೋವೆಂದು ಒಳಗೇ ಉಳಿಯುವಳು.

ಕೊನೆಗೆ ಒಂದು ವರ್ಷ ನವೆಂಬರಿನಲ್ಲಿ ಇವರ ದೂಳು ಕಂಡಾಗ ಹ್ಯೂಗೋ ಕೂಡ ಕುರ್ಚಿ ತರಲು ಏಳಲಿಲ್ಲ, ಹೇಗೂ ನಗಲು ಏನೂ ಸಿಗುವುದಿಲ್ಲವೆಂದು. ಆರ್ಡಿಸ್ ಇಳಿದು ಮಾಮೂಲಿನಂತೆ ಮೂಲೆಯಲ್ಲಿ ನಿಂತಳು, ಮಾಮೂಲಿನಂತೆ ಕೈಯಾಡಿಸಿದಳು. ನಿಲ್ಲಿಸು ಎಂದು ಎರಡೂ ಕೈ ಎತ್ತಿದರೂ ಗಾಡಿ ನಿಲ್ಲಲಿಲ್ಲ. ಹಿಂದೆ ಬಂತು, ಇನ್ನೂ ಬಂತು, ಐರನ್‌ವುಡ್ ಮರಕ್ಕೆ ಗುದ್ದಿತು. ಹಿಂಬದಿಯ ತಗಡು ಒಳಕ್ಕೆ ಹೋಯಿತು, ಮರಕ್ಕೆ ಏನೂ ಆಗಲಿಲ್ಲ. ಪಾಳ್ಯ ಹೋ ಎಂದು ನಕ್ಕಿತು. ಅಷ್ಟು ವರ್ಷದ ಬಾಕಿ ನಗು. ಆರ್ಡಿಸ್‌ಗೂ ನಗು ಬಂತು. ನಗುತ್ತಲೇ ಟ್ರಕ್ಕಿನ ಹತ್ತಿರ ಹೋದಳು. ಲೈಲ್ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಎದುರಿಗೆ ನೋಡುತ್ತ ಕೂತಿದ್ದ. ಅವನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು.

ಆಮೇಲೆ ಒಂದೊಂದೇ ಸಂಗತಿ ಅವಳ ಕಣ್ಣಿಗೆ ಬೀಳತೊಡಗಿತು. ತಟ್ಟೆಯಲ್ಲಿದ್ದ ಬಟಾಣಿಯನ್ನು ಅವನು ತಲೆ ಓರೆ ಮಾಡಿಕೊಂಡು ನೋಡುತ್ತಿದ್ದ. ಕಲ್ಲು ಹುಡುಕಲು ಬರುವುದಿಲ್ಲ, ಮಂಡಿ ನೋವು ಎಂದ. ಒಂದು ಸಂಜೆ ಬೆಂಕಿಯ ಹತ್ತಿರ ಎಲ್ಫ್ರೀಡಾಳ ಹೆಗಲ ಮೇಲೆ ಶಾಲು ಹೊದಿಸಿ, ಚಳಿಯಾಗ್ತಿದೆಯಾ ಚಿನ್ನ ಎಂದ. ಹ್ಯೂಗೋ ಬಿದ್ದು ಬಿದ್ದು ನಕ್ಕ, ಎಲ್ಫ್ರೀಡಾ ಕೆಂಪಾದಳು. ಆರ್ಡಿಸ್‌ಗೆ ಮಾತ್ರ ಗೊತ್ತಾಯಿತು, ಆ ಶಾಲು ತನಗೆಂದು ಹೊದಿಸಿದ್ದು. ಮರುದಿನ ಅವನನ್ನು ಎಳೆದುಕೊಂಡು ಯೂಮಾ ಪಟ್ಟಣದ ಕಣ್ಣಿನ ಡಾಕ್ಟರ ಬಳಿಗೆ ಹೋದಳು. ಎರಡೂ ಕಣ್ಣಿನ ನಡುಭಾಗ ಸವೆದುಹೋಗಿದೆ, ನೇರ ನೋಡಿದ್ದು ಮಾಸುತ್ತದೆ, ಅಂಚಿನದು ಉಳಿಯುತ್ತದೆ, ಇನ್ನು ಗಾಡಿ ಓಡಿಸುವ ಮಾತೇ ಇಲ್ಲ ಎಂದರು ಡಾಕ್ಟರು.

ಹಿಂದಿರುಗುವ ದಾರಿಯಲ್ಲಿ ಟ್ರಕ್ಕನ್ನು ಅವಳೇ ಓಡಿಸಿದಳು. ಬರೀ ಟ್ರಕ್ಕು ಅವಳಿಗೆ ಹೊಸದಲ್ಲ. ಹಿಂದೆ ಗಾಲಿಮನೆ ಕಟ್ಟಿ ಮಾತ್ರ ಒಂದು ದಿನವೂ ಓಡಿಸಿದವಳಲ್ಲ. ಪಾಳ್ಯ ಹತ್ತಿರ ಬಂದಾಗ ಲೈಲ್, ಗಾಲಿಮನೆ ಮಾರಿಬಿಡೋಣ ಎಂದ. ಜನವರಿಯಲ್ಲಿ ಬಣ್ಣದ ಕಲ್ಲಿನ ಸಂತೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಯಾರಾದರೂ ಕೊಳ್ಳುತ್ತಾರೆ, ನಾವು ವಿಮಾನ ಹತ್ತಿ ಊರಿಗೆ ಹೋಗೋಣ ಎಂದ. ಅವಳ ಕಣ್ಣ ಮುಂದೆ ಬಂದದ್ದು ಊರಿನ ಆ ಕಿಟಕಿ. ಈ ಸಲ ಕಾಯುವುದಕ್ಕೆ ಹಳದಿ ದೀಪವೂ ಇರುವುದಿಲ್ಲ. ಒಳಗೆ ಇಬ್ಬರೂ ಕೂತು ಒಬ್ಬರ ಉಸಿರು ಒಬ್ಬರು ಕೇಳುತ್ತ ಏಪ್ರಿಲ್ ತನಕ ಇರಬೇಕು. ಇಲ್ಲಿ, ಐರನ್‌ವುಡ್ ಮರದ ಪಕ್ಕ, ತಮ್ಮ ಎರಡು ಕುರ್ಚಿಯ ಜಾಗ ಒಂದು ವಾರ ಖಾಲಿ ಇದ್ದು, ಆಮೇಲೆ ಯಾರೋ ಸರಿದುಕೂರುತ್ತಾರೆ.

ಕ್ರಿಸ್‌ಮಸ್ಸಿಗೆ ಲೆಫ್ಸೆ ಲಟ್ಟಿಸುತ್ತ ಅವಳು ಇದನ್ನೆಲ್ಲ ಎಲ್ಫ್ರೀಡಾಳ ಮುಂದೆ ತೋಡಿಕೊಂಡಳು. ಎಲ್ಫ್ರೀಡಾ ಹುಡುಗಿಯಾಗಿದ್ದಾಗಲೇ ಅಪ್ಪನ ಗೋಧಿ ಲಾರಿ ಓಡಿಸಿದವಳು. ಹ್ಯೂಗೋನ ಸೊಂಟ ಹೋದ ಮೇಲೆ ಅವರ ಗಾಲಿಮನೆಯನ್ನು ಅವಳೇ ಎಳೆದು ತರುತ್ತಾಳೆ. ಅಳುವುದನ್ನು ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದಳು:

"ನಿನಗೆ ಕೈ ಕಾಲು ನೆಟ್ಟಗಿದೆ ತಾನೆ?"

"ಇದೆ."

"ಕಣ್ಣು?"

"ಇದೆ."

"ಮತ್ತೆ ಯಾಕೆ ಹಿಟ್ಟಿನ ಮೇಲೆ ಕಣ್ಣೀರು ಹಾಕ್ತಿದೀಯ? ಉಪ್ಪು ಜಾಸ್ತಿ ಆಗತ್ತೆ. ನಾಳೆ ಲೈಲ್ ಮಲಗಿದ ಮೇಲೆ ಬಾ."

ಮಧ್ಯಾಹ್ನ ಊಟವಾದ ಮೇಲೆ ಲೈಲ್ ಒಂದು ನಿದ್ದೆ ತೆಗೆಯುತ್ತಾನೆ. ಆ ಹೊತ್ತಿನಲ್ಲಿ ಎಲ್ಫ್ರೀಡಾ ತನ್ನ ಗಾಡಿಯನ್ನು ಗಾಲಿಮನೆ ಸಮೇತ ಹಳ್ಳದ ಆಚೆಯ ಬಯಲಿಗೆ ತೆಗೆದುಕೊಂಡು ಹೋಗಿ ಇವಳ ಕೈಗೆ ಕೊಡುತ್ತಿದ್ದಳು. ಮುಂದಕ್ಕೆ ಹೋಗುವುದು ಕತ್ತೆಗೂ ಬರುತ್ತದೆ, ಹಿಂದಕ್ಕೆ ಬಾ ಎನ್ನುವಳು. ಗಾಲಿಮನೆಯದು ತಿರುಗುಮುರುಗು ಬುದ್ಧಿ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದರ ಬಾಲ ಎಡಕ್ಕೆ ಹೋಗುತ್ತದೆ. ಆರ್ಡಿಸ್ ಮೊದಲ ದಿನಗಳಲ್ಲಿ ಎಷ್ಟೋ ಪೊದೆಗಳನ್ನು ನೆಲ ಕಚ್ಚಿಸಿದಳು. ಕೊನೆಗೆ ಎಲ್ಫ್ರೀಡಾ ಒಂದು ಉಪಾಯ ಹೇಳಿಕೊಟ್ಟಳು. ಸ್ಟೇರಿಂಗ್ ಚಕ್ರವನ್ನು ಮೇಲೆ ಹಿಡಿಯಬೇಡ, ಕೆಳಗಡೆ ಹಿಡಿ. ಕೈ ಎತ್ತ ಹೋಗುತ್ತೋ ಬಾಲ ಅತ್ತ ಹೋಗುತ್ತೆ, ತಲೆ ಓಡಿಸಬೇಡ. ಅಲ್ಲಿಂದ ಅವಳಿಗೆ ದಾರಿ ಸಿಕ್ಕಿತು. ಹ್ಯೂಗೋ ಕುರ್ಚಿ ಹಾಕಿಕೊಂಡು ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಿದ್ದ. ಎಪ್ಪತ್ತಾರನೇ ವಯಸ್ಸಿನಲ್ಲಿ ಇವಳಿಗೆ ಇದೇನು ಹುಚ್ಚು ಎಂದು ಅವನಿಗೂ ಅನಿಸಿತ್ತು, ಆದರೆ ಲೈಲ್‌ನ ಮುಂದೆ ಒಂದು ದಿನವೂ ಬಾಯಿ ಬಿಡಲಿಲ್ಲ. ಅಂಥ ಬಾಯಿಬಡುಕ ಅಷ್ಟು ದಿನ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡದ್ದು ಅವನ ದೊಡ್ಡತನ.

ಅಷ್ಟರಲ್ಲಿ ಲೈಲ್ ಗಿರಾಕಿಯನ್ನು ಗೊತ್ತುಮಾಡಿದ. ಆರೆಗಾನಿನವನೊಬ್ಬ, ಸಂತೆ ಮುಗಿದ ಮೇಲೆ ಭಾನುವಾರ ಬಂದು ನೋಡಿ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದ. ಆ ವಾರವೇ ಇವರ ಕಕ್ಕಸಿನ ತೊಟ್ಟಿ ತುಂಬಿತು. ನಮ್ಮ ಬದುಕಿನ ದೊಡ್ಡ ದೊಡ್ಡ ತೀರ್ಮಾನಗಳು ಎಲ್ಲಿಂದ ಬರುತ್ತವೆ ನೋಡಿ. ತೊಟ್ಟಿ ತುಂಬಿದರೆ ಗಾಲಿಮನೆಯನ್ನು ಊರಿನ ಹತ್ತಿರದ ಕೊಳಚೆ ಗುಂಡಿಗೆ ಎಳೆದುಕೊಂಡು ಹೋಗಿ ಖಾಲಿ ಮಾಡಿ ತರಲೇಬೇಕು. ಹ್ಯೂಗೋಗೆ ಹೇಳು, ಎಲ್ಫ್ರೀಡಾ ಎಳೆದುಕೊಂಡು ಹೋಗಲಿ ಎಂದ ಲೈಲ್.

"ಬೇಡ, ನಾನೇ ಹೋಗ್ತೀನಿ," ಎಂದಳು ಆರ್ಡಿಸ್. "ನಾನು ಇದನ್ನ ತಗೊಂಡು ಹೋಗಿ, ತಿರುಗಿ ತಂದು, ಹಿಂದಕ್ಕೆ ತೆಗೆದು ಮರದ ಕೆಳಗೆ ನಿಲ್ಲಿಸಿದ್ರೆ, ಭಾನುವಾರ ಬರೋನಿಗೆ ಬರಬೇಡ ಅಂತ ಹೇಳಬೇಕು. ಆಗಲಿಲ್ಲ ಅಂದ್ರೆ ನಾನೇ ಕೀಲಿಕೈ ಅವನ ಕೈಗೆ ಕೊಡ್ತೀನಿ."

ಲೈಲ್ ತಲೆ ಓರೆ ಮಾಡಿ ಅವಳನ್ನು ಬಹಳ ಹೊತ್ತು ನೋಡಿದ. ಕೈಸನ್ನೆ ಮಾಡೋಳು ಬೇರೆ, ಗಾಡಿ ಹೊಡೆಯೋಳು ಬೇರೆ ಎಂದು ಗೊಣಗಿದ. ಆದರೂ ಹೋಗಿ ಸ್ಟೇರಿಂಗ್ ಇರುವ ಎಡಗಡೆಯ ಬದಲು ಬಲಗಡೆಯ ಬಾಗಿಲು ತೆಗೆದು ಹತ್ತಿ ಕೂತ. ಹೆಂಡತಿ ತನಗೆ ಗೊತ್ತಿಲ್ಲದೆ ಎಲ್ಲಿಯೋ ಕಲಿತಿದ್ದಾಳೆ ಎಂಬುದು ಮೊದಲ ತಿರುವಿನಲ್ಲೇ ಅವನಿಗೆ ತಿಳಿದುಹೋಯಿತು. ತೊಟ್ಟಿ ಖಾಲಿ ಮಾಡುವ ಕೆಲಸವನ್ನು ಮಾತ್ರ ಅವಳಿಗೆ ಬಿಡಲಿಲ್ಲ, ಕೈಯಿಂದ ತಡವಿ ತಡವಿ ತಾನೇ ಮಾಡಿದ.

ಪಾಳ್ಯದಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ಬರುವಷ್ಟರಲ್ಲಿ ಕುರ್ಚಿಗಳು ಸಾಲಾಗಿ ಬಿದ್ದಿದ್ದವು. ಲೈಲ್ ಇಳಿದು, ಯಾವ ಮೂಲೆಯಲ್ಲಿ ಅವಳು ನಿಲ್ಲುತ್ತಿದ್ದಳೋ ಆ ಮೂಲೆಯಲ್ಲಿ ಹೋಗಿ ನಿಂತ. ಆರ್ಡಿಸ್ ಕನ್ನಡಿಯಲ್ಲಿ ನೋಡಿದಳು. ಅವನು ಕೈ ಎತ್ತಿ ಬಲಕ್ಕೆ ಬೀಸಿದ. ಅವಳು ಸ್ಟೇರಿಂಗಿನ ಕೆಳಗೆ ಹಿಡಿದ ಕೈಯನ್ನು ಬಲಕ್ಕೆ ಎಳೆದಳು, ಬಾಲ ಬಲಕ್ಕೆ ಹೋಯಿತು. ಅವನು ಇನ್ನೂ ಜೋರಾಗಿ ಬಲಕ್ಕೆ ಬೀಸಿದ. ಅವಳು ಇನ್ನೂ ಬಲಕ್ಕೆ ಎಳೆದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಅವಳು ನೋಡುತ್ತಿದ್ದದ್ದು ಬಾಲ ಎತ್ತ ಹೋಗಬೇಕು ಎಂದು; ಅಷ್ಟು ವರ್ಷ ಅವಳ ಕೈ ಹೇಳಿದ್ದೂ ಅದನ್ನೇ. ಅವನು ತೋರಿಸುತ್ತಿದ್ದದ್ದು ಸ್ಟೇರಿಂಗ್ ಎತ್ತ ತಿರುಗಬೇಕು ಎಂದು. ಅವನ ಜನ್ಮವೆಲ್ಲ ಸ್ಟೇರಿಂಗಿನ ಹಿಂದೆಯೇ ಕಳೆದದ್ದು. ಗಾಲಿಮನೆ ನಡು ಮುರಿದುಕೊಂಡ ಹಾಗೆ ಮಡಚಿ, ದೊಡ್ಡ ಬಂಡೆಯ ಮೇಲೆ ಒಂದು ಗಾಲಿ ಹತ್ತಿಸಿಕೊಂಡು ವಾಲಿ ನಿಂತಿತು. ಒಳಗೆ ಪಿಂಗಾಣಿ ಪಾತ್ರೆಗಳೆಲ್ಲ ಉರುಳಿ ಬಿದ್ದ ಸದ್ದು ಹೊರಗೆ ಕೇಳಿಸಿತು.

"ಬಲಕ್ಕೆ ಅಂತ ಬಡ್ಕೊಂಡೆನಲ್ಲ," ಎಂದು ಲೈಲ್ ಕೂಗಿದ. "ಕಣ್ಣಿರೋದು ನಿನಗೇ ತಾನೆ?"

ಆರ್ಡಿಸ್ ಇಳಿದು ಬಾಗಿಲು ಬಡಿದಳು. "ನೀನು ತೋರಿಸಿದ ಕಡೆಗೇ ಹೋದೆ. ಬೇಕಾದ್ರೆ ನಿನ್ನ ಕೈಯನ್ನ ಕೇಳು. ಕಣ್ಣಿನ ಮಾತು ಆಡ್ತೀಯಾ? ಕಣ್ಣು ಕಾಣದೆ ನನ್ನನ್ನ ಡಕೋಟದಿಂದ ಇಲ್ಲೀತನಕ ಕೂರಿಸ್ಕೊಂಡು ಬಂದೆಯಲ್ಲೋ. ಎದುರಿಗೆ ಲಾರಿ ಬಂದಿದ್ರೆ ಇಬ್ಬರೂ ಹೋಗ್ತಿದ್ವಿ. ಒಂದು ಮಾತು ಹೇಳಿದೆಯಾ ನನಗೆ?"

ಪಾಳ್ಯಕ್ಕೆ ಕೊನೆಗೂ ನೈಗಾರ್ಡ್ ದಂಪತಿಗಳ ಜಗಳ ಸಿಕ್ಕಿತು. ಆದರೆ ಯಾರಿಗೂ ನಗು ಬರಲಿಲ್ಲ. ಮೊದಲು ಎದ್ದವನು ಹ್ಯೂಗೋ. ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬೇರೆಯವರ ಕಡೆ ಒಂದು ಸಲ ಕಣ್ಣು ಬಿಟ್ಟು, ತನ್ನ ಗಾಡಿಯ ಕಡೆ ಕುಂಟುತ್ತ ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಆ ಬಯಲಿನಲ್ಲಿ ಇಬ್ಬರೇ ಉಳಿದರು.

ಲೈಲ್ ಪಕ್ಕದ ಇನ್ನೊಂದು ಬಂಡೆಯ ಮೇಲೆ ಕೂತ. ತಗ್ಗಿದ ದನಿಯಲ್ಲಿ, "ನಿನ್ನ ಕೈ ನಾನು ಯಾವತ್ತೂ ನೋಡ್ತಿರಲಿಲ್ಲ ಕಣೆ," ಎಂದ.

"ಮತ್ತೆ ಏನು ನೋಡ್ತಿದ್ದೆ?"

"ಮುಖ. ನೀನು ಮುಖ ಸಿಂಡರಿಸಿದ್ರೆ ಬ್ರೇಕು. ಸಡಿಲ ಬಿಟ್ರೆ ಇನ್ನೂ ಬರಬಹುದು ಅಂತ. ಕೈ ನೀನು ಹೆಂಗೆಂಗೋ ಆಡಿಸ್ತಿದ್ದೆ, ಅದು ದೇವರಿಗೇ ಪ್ರೀತಿ. ಈ ಸಲ ಬಂದಾಗ ಕನ್ನಡೀಲಿ ನೋಡಿದೆ. ಟೋಪಿ ಇತ್ತು, ಎರಡು ಕೈ ಇತ್ತು. ನಡುವೆ ಮುಖವೇ ಇರಲಿಲ್ಲ."

ಆರ್ಡಿಸ್ ಅವನ ಪಕ್ಕದಲ್ಲಿ ಕೂತಳು. ಇಪ್ಪತ್ತು ವರ್ಷದ ಜಂಬ ಒಂದು ಮಾತಿನಲ್ಲಿ ಹೋಯಿತು, ಅದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಮುಖವನ್ನು ಅಷ್ಟು ಗಮನವಿಟ್ಟು ಓದಿದವನು ಇವನೊಬ್ಬನೇ. ಇನ್ನು ಅದನ್ನು ಯಾರೂ ಓದುವುದಿಲ್ಲ. ದುಃಖ ಒತ್ತರಿಸಿಕೊಂಡು ಬಂತು. ಅವಳು ಅವನ ಕೈ ತೆಗೆದುಕೊಂಡು ತನ್ನ ಕೆನ್ನೆಗೆ ಇಟ್ಟುಕೊಂಡಳು. ಈಗ ಸಿಂಡರಿಸಿದೀಯಾ ಎಂದು ಅವನು ಕೇಳಿದ. ಹ್ಞೂಂ ಎಂದಳು.

ಆಮೇಲೆ ಮೂಗೊರೆಸಿಕೊಂಡು ಎದ್ದವಳು ಅವಳೇ. ಕೈಸನ್ನೆ ಮಣ್ಣುಮಸಿ ಏನೂ ಬೇಡ, ಗಾಲಿಮನೆಯ ಮೂಲೆ ಹಿಡಿದುಕೊಂಡು ಪಕ್ಕದಲ್ಲೇ ನಡಿ, ಬಾಲ ಎಲ್ಲಿಗೆ ಬರಬೇಕೋ ಅಲ್ಲಿಗೆ ನೀನು ಹೋಗು, ನಾನು ನಿನ್ನ ಹಿಂದೆ ಬರುತ್ತೇನೆ, ನೀನು ನಿಂತರೆ ನಾನು ನಿಲ್ಲುತ್ತೇನೆ ಎಂದಳು. ಗಾಡಿಯನ್ನು ಮುಂದಕ್ಕೆ ಎಳೆದು ಬಂಡೆಯಿಂದ ಇಳಿಸಿದಳು. ಲೈಲ್ ತಗಡಿನ ಮೂಲೆಯ ಮೇಲೆ ಅಂಗೈ ಇಟ್ಟು ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ನಡೆದ. ಕಾಲಿನಿಂದ ನೆಲ ತಡವುತ್ತ, ಅಂಚಿನ ಕಣ್ಣಿನಿಂದ ಮರದ ನೆರಳು ಹುಡುಕುತ್ತ ನಡೆದ. ಆರ್ಡಿಸ್ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಆ ದಿನದ ತನಕ ಆ ಕನ್ನಡಿಯಲ್ಲಿ ಅವಳು ಅವನನ್ನು ಒಮ್ಮೆಯೂ ನೋಡಿರಲಿಲ್ಲ. ಎಷ್ಟು ಮುದುಕನಾಗಿದ್ದಾನೆ ಎಂದುಕೊಂಡಳು. ಎಷ್ಟು ಜೋಪಾನವಾಗಿ ನಡೆಯುತ್ತಿದ್ದಾನೆ ಎಂದೂ ಅನಿಸಿತು. ಅವನು ನಿಂತ, ಅವಳು ಬ್ರೇಕ್ ಒತ್ತಿದಳು.

ಇಳಿದು ಬಂದಾಗ, ನೆಟ್ಟಗಿದೆಯಾ ಎಂದು ಕೇಳಿದ. ಸೊಟ್ಟಗಿದೆ ಎಂದಳು. ಇರಲಿ ಬಿಡು ಎಂದ.

ಆದರೂ ಸಂಜೆ ಒಡೆದ ಪಿಂಗಾಣಿ ಚೂರು ಗುಡಿಸುವಾಗ ಅವನು ಮತ್ತೆ ಮಾತು ತೆಗೆದ. ಗಾಡಿ ನಿನಗೆ ಬಂತು, ಒಪ್ಪಿದೆ, ಮಾತಿಗೆ ತಪ್ಪುವುದಿಲ್ಲ. ಆದರೆ ಅಷ್ಟು ದೂರ ನಾನು ಮೂಟೆಯ ಹಾಗೆ ಪಕ್ಕದಲ್ಲಿ ಕೂತು ಬರಲೇ? ನನಗಲ್ಲಿ ಏನು ಕೆಲಸ? ಆರ್ಡಿಸ್ ಪೊರಕೆ ಹಿಡಿದುಕೊಂಡು ಯೋಚಿಸಿದಳು. ಸಮಾಧಾನ ಹೇಳಲು ಹುಡುಕಿದಳು, ಸಿಕ್ಕಿದ್ದು ನಿಜವೇ. ಅಷ್ಟು ವರ್ಷ ಅವಳು ಆ ದಾರಿಯಲ್ಲಿ ಸ್ವೆಟರ್ ಹೆಣೆಯುತ್ತ, ತೂಕಡಿಸುತ್ತ ಬಂದವಳು.

"ನನಗೆ ದಾರಿ ಗೊತ್ತಿಲ್ಲ, ಲೈಲ್," ಎಂದಳು. "ನೀನು ಹೇಳದೆ ಹೋದ್ರೆ ನಾನು ಮೆಕ್ಸಿಕೋಗೆ ಹೋಗ್ತೀನಿ."

ಮರುದಿನ ಬೆಳಗ್ಗೆ ಅವನು ಹ್ಯೂಗೋನ ಹತ್ತಿರ ಹೋಗಿ, ಆರೆಗಾನಿನವನ ಫೋನ್ ನಂಬರ್ ಒತ್ತಿಕೊಡು ಎಂದ. ಬರಬೇಡಿ, ಗಾಡಿ ನನ್ನ ಹೆಂಡತಿಗೆ ಬೇಕಂತೆ ಎಂದು ಫೋನಿನಲ್ಲಿ ಹೇಳಿದನಂತೆ.

ಮಾರ್ಚಿನ ಕೊನೆಗೆ ಅವರು ಹೊರಟರು. ಆರ್ಡಿಸ್ ಸ್ಟೇರಿಂಗ್ ಹಿಡಿದಿದ್ದಳು, ಲೈಲ್ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ಹೊಲದ ಅಂಚು, ಆಕಾಶದ ಅಂಚು, ಅಷ್ಟೆ. ಆದರೂ ಇಲ್ಲಿ ಇಳಿಜಾರಿದೆ, ಗೇರ್ ಇಳಿಸು ಎನ್ನುವನು, ಇಳಿಜಾರು ಬರುವುದು. ಈಗ ಎಡಕ್ಕೆ ನೀರಿನ ತೊಟ್ಟಿ, ಅದರ ಮೇಲೆ ಕಲ್ಲಂಗಡಿಯ ಚಿತ್ರ ಎನ್ನುವನು, ಚಿತ್ರ ಬರುವುದು. ಈ ಸೇತುವೆಯ ಮೇಲೆ ಒಂದು ವರ್ಷ ನಮ್ಮ ಟಯರ್ ಒಡೆದಿತ್ತು, ನೀನು ನೀಲಿ ಕೋಟು ಹಾಕಿಕೊಂಡಿದ್ದೆ, ದಾರಿಹೋಕರಿಗೆಲ್ಲ ಬಿಸ್ಕತ್ತು ಹಂಚಿದೆ ಎನ್ನುವನು. ಆರ್ಡಿಸ್‌ಗೆ ಅದು ಮರೆತೇಹೋಗಿತ್ತು. ತಾನು ನಿದ್ದೆ ಮಾಡುತ್ತ ಕಳೆದುಕೊಂಡ ದಾರಿಯನ್ನೆಲ್ಲ ಅವನು ಇಷ್ಟು ವರ್ಷ ಒಬ್ಬನೇ ನೋಡಿಟ್ಟುಕೊಂಡಿದ್ದನಲ್ಲ ಎಂದು ಅವಳಿಗೆ ಸಂಕಟವಾಯಿತು, ಸಂತೋಷವೂ ಆಯಿತು.

ನೆಬ್ರಾಸ್ಕಾದಲ್ಲಿ ಒಂದು ಸಣ್ಣ ಊರು ಹತ್ತಿರ ಬಂದಾಗ ಅವನು ನೆಟ್ಟಗೆ ಕೂತ. ಆ ಊರಿನ ತುದಿಯಲ್ಲಿ ಒಂದು ಹೋಟೆಲು. ಹೋಗುವಾಗಲೂ ಬರುವಾಗಲೂ ಅಲ್ಲಿ ನಿಲ್ಲಿಸಿ ಚೆರ್ರಿ ಕಡುಬು ತಿನ್ನುವುದು ಅವರ ರೂಢಿ; ಬಡಿಸುವ ವಿಲ್ಮಾ ಎಂಬಾಕೆ ಲೈಲ್‌ಗೆ ಕೇಳದೆಯೇ ಎರಡನೇ ತುಂಡು ಹಾಕುವಳು. ಆರ್ಡಿಸ್ ತಿರುವು ದಾಟಿ ನೋಡಿದಳು. ಹೋಟೆಲು ಇರಲಿಲ್ಲ. ಗೋಡೆ, ಫಲಕ, ಗಾಡಿ ನಿಲ್ಲಿಸುವ ಕಟ್ಟೆ, ಏನೂ ಇರಲಿಲ್ಲ. ಸಮ ಮಾಡಿದ ಮಣ್ಣು, ಅದರ ಮೇಲೆ ಒಣ ಹುಲ್ಲು.

"ಬಂತಾ?" ಎಂದ ಲೈಲ್.

"ಬಂತು."

"ದೀಪ ಹಾಕಿದಾರಾ?"

"ಹಾಕಿದಾರೆ."

"ನಿಲ್ಲಿಸ್ತೀಯಾ?"

ಆರ್ಡಿಸ್ ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆಯಲಿಲ್ಲ. "ತುಂಬಾ ಲಾರಿ ನಿಂತಿವೆ. ನಮ್ಮ ಗಾಡಿಗೆ ಜಾಗ ಇಲ್ಲ," ಎಂದಳು.

ಲೈಲ್ ತಲೆಯಾಡಿಸಿದ. ಊರು ಹಿಂದೆ ಬಿದ್ದು ಹೊಲಗಳು ಬಂದವು. ಅವನು ಕಿಟಕಿಯ ಕಡೆ ತಿರುಗಿಕೊಂಡೇ ಮಾತಾಡಿದ.

"ನವೆಂಬರಿನಲ್ಲಿ ಬರುವಾಗಲೇ ಕೆಡವ್ತಾ ಇದ್ರು ಕಣೆ. ನೀನು ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎದ್ದು ಕೇಳಿದಾಗ, ಹಿಮ ಬರೋದ್ರೊಳಗೆ ದಾಟೋಣ ಅಂತ ನಿಲ್ಲಿಸಲಿಲ್ಲ ಅಂದೆ."

ಅವಳು ಕಣ್ಣೊರೆಸಿಕೊಂಡಳು; ರಸ್ತೆ ಮಬ್ಬಾಗಿತ್ತು, ವೇಗ ಇಳಿಸಿದಳು.

"ಇರಲಿ," ಎಂದ ಅವನು. "ಬಾಗಿಲಲ್ಲಿ ಯಾರಿದ್ರು ಹೇಳು."

"ವಿಲ್ಮಾ ನಿಂತಿದ್ಲು," ಎಂದಳು ಆರ್ಡಿಸ್. "ನಿನ್ನನ್ನ ಕೇಳಿದ್ಲು."